ದೊಡ್ಡವರಾದ್ಮೇಲೆ ಮೆಳ್ಳೆಗಣ್ಣು ಸರಿ ಮಾಡಿಸ್ಕೊಳ್ಬಹುದಾ? ಕಣ್ಣಿನ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ ನಮಸ್ತೆ. ನಂಗೀಗ 34 ವರ್ಷ, ಎಡಗಣ್ಣು ಹೊರಗಡೆಗೆ ಸರಿಯುತ್ತೆ. ಚಿಕ್ಕವನಿದ್ದಾಗ ಸುಸ್ತಾದ್ರೆ, ಜ್ವರ ಬಂದ್ರೆ ಮಾತ್ರ ಸರೀತಿತ್ತಂತೆ, ಬಿಸಿಲಿಗೆ ಹೋದ್ರೆ ಒಂದು ಕಣ್ಣು ಮುಚ್ಕೊಳ್ತಿದ್ದೆ ಅಂತ ಅಮ್ಮ ಹೇಳ್ತಾರೆ. ಈಗ ಮೂರ್ನಾಲ್ಕು ವರ್ಷದಿಂದ ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಗೇ ಇರುತ್ತೆ. 15ನೇ ವಯಸ್ಸಲ್ಲಿ ಒಬ್ರು ಡಾಕ್ಟರಿಗೆ ತೋರ್ಸಿದ್ವಿ, ವಯಸ್ಸು ಮೀರೋಗಿದೆ ಇನ್ನು ಮಾಡಿಸಿ ಪ್ರಯೋಜನ ಇಲ್ಲ ಅಂದ್ಬಿಟ್ರು, ಅಲ್ಲಿಗೆ ನಾವೂ ಸುಮ್ನಾದ್ವಿ. ಮೀಟಿಂಗಲ್ಲಿ ನಾನು ಒಬ್ರನ್ನ ಏನಾದ್ರೂ ಕೇಳಿದ್ರೆ ಪಕ್ಕದಲ್ಲಿ ಕೂತವರು "ನನ್ನ ಕೇಳಿದ್ರಾ" ಅಂತಾರೆ. ಅದಾದ್ಮೇಲೆ ಎದುರಿಗಿರೋರ ಮುಖ ನೋಡಿ ಮಾತಾಡೋದನ್ನೇ ಬಿಟ್ಟಿದೀನಿ, ನೆಲ ನೋಡ್ಕೊಂಡು ಮಾತಾಡ್ತೀನಿ. ಈ ವಯಸ್ಸಲ್ಲಿ ಏನಾದ್ರೂ ಮಾಡ್ಬಹುದಾ, ಇಲ್ಲ ಇದು ಬರೀ ಚೆಂದಕ್ಕೆ ಮಾಡಿಸ್ಕೊಳ್ಳೋ ಆಪರೇಷನ್ನಾ?

ಉತ್ತರ: ಮಾಡ್ಬಹುದು. 34 ಅಲ್ಲ, 64 ಆಗಿದ್ರೂ ಮಾಡ್ಬಹುದು. ನೀವು ಬರೆದಿದ್ದು ಓದಿ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ "ವಯಸ್ಸು ಮೀರೋಗಿದೆ" ಅನ್ನೋ ಒಂದು ಮಾತಿಗೆ 19 ವರ್ಷ ಸುಮ್ನೆ ಕೂತಿದ್ದೀರಿ, ಇದೇ ಮಾತು ಕೇಳ್ಕೊಂಡು 20, 30 ವರ್ಷ ಆದ್ಮೇಲೆ ಬರೋರು ಬೇಕಾದಷ್ಟು ಜನ ಇದಾರೆ.

ಆ ಮಾತು ಎಲ್ಲಿಂದ ಬಂತು ಅಂತ ಹೇಳ್ತೀನಿ, ಗೊತ್ತಾದ್ರೆ ನಿಮ್ಮ ಅರ್ಧ ಗೊಂದಲ ಹೋಗುತ್ತೆ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಅನ್ನೋ ಇಬ್ರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣು ಕೆಲವು ವಾರ ಮುಚ್ಚಿ, ಮೆದುಳಲ್ಲಿ ಏನಾಗುತ್ತೆ ಅಂತ ನೋಡಿದ್ರು. ಎಳೇ ವಯಸ್ಸಲ್ಲಿ ಮುಚ್ಚಿದ ಕಣ್ಣಿಗೆ ಮೆದುಳಲ್ಲಿ ಜಾಗವೇ ಉಳಿದಿರ್ಲಿಲ್ಲ, ಆಮೇಲೆ ಕಣ್ಣು ತೆರೆದ್ರೂ ಮರಿಗೆ ಆ ಕಡೆಯಿಂದ ಸರಿಯಾಗಿ ಕಾಣ್ತಿರ್ಲಿಲ್ಲ. ದೃಷ್ಟಿ ಬೆಳೆಯೋಕೆ ಒಂದು ಕಾಲ ಇದೆ ಅನ್ನೋದು ಗಟ್ಟಿಯಾಗಿ ಗೊತ್ತಾಯ್ತು, ಇಬ್ರಿಗೂ 1981ರಲ್ಲಿ ನೊಬೆಲ್ ಬಂತು. ಇದು ಸರಿಯಾದ ವಿಷ್ಯವೇ, ಅದಕ್ಕೇ ಮಕ್ಕಳ ಮೆಳ್ಳೆಗಣ್ಣನ್ನ ಬೇಗ ತೋರಿಸಿ ಅಂತ ಹೇಳೋದು. ಆದ್ರೆ ಇದನ್ನೇ ಹಿಗ್ಗಿಸಿ "ದೊಡ್ಡವರಿಗೆ ಏನೂ ಆಗಲ್ಲ" ಅಂತ ಮಾಡ್ಬಿಟ್ರು ನೋಡಿ, ತಪ್ಪಾಗಿದ್ದು ಅಲ್ಲಿ.

ನೀವು ಮೂರು ವಿಷ್ಯ ಬೇರೆ ಬೇರೆ ಇಟ್ಕೊಳ್ಳಿ. ಒಂದು, ಕಣ್ಣು ನೇರ ಆಗೋದು. ಇನ್ನೊಂದು, ಎರಡೂ ಕಣ್ಣು ಸೇರಿ ಒಂದೇ ಚಿತ್ರ ನೋಡೋದು. ಮತ್ತೊಂದು, ಚಿಕ್ಕಂದಿನಿಂದ ದೃಷ್ಟಿ ಕಮ್ಮಿ ಇರೋ ಕಣ್ಣಿಗೆ ದೃಷ್ಟಿ ಬರೋದು. ಮೊದಲನೇದಕ್ಕೆ ವಯಸ್ಸಿನ ಮಿತಿನೇ ಇಲ್ಲ, ಅದು ಸ್ನಾಯುವಿನ ಕೆಲಸ. ಎರಡನೇದು ಕೆಲವರಿಗೆ ಸಿಗುತ್ತೆ ಕೆಲವರಿಗೆ ಸಿಗಲ್ಲ. ಮೂರನೇದು ಆಪರೇಷನ್ನಿಂದ ಬರಲ್ಲ.

ನಿಮ್ಮ ವಿಷಯದಲ್ಲಿ ಒಳ್ಳೇ ಸುದ್ದಿ ಏನಂದ್ರೆ ಚಿಕ್ಕವರಿದ್ದಾಗ ಸುಸ್ತಾದ್ರೆ ಮಾತ್ರ ಹೋಗ್ತಿತ್ತು ಅಂದ್ರಲ್ಲ, ಅಂದ್ರೆ ಮಿಕ್ಕ ಹೊತ್ತು ಎರಡೂ ಕಣ್ಣು ಜೊತೆಗೆ ಕೆಲಸ ಮಾಡ್ತಿದ್ವು, ಮೆದುಳು ಆ ಪಾಠ ಕಲಿತಿದೆ. ಹೀಗೆ ಬಂದು ಹೋಗಿ ಮಾಡೋ ಹೊರಮೆಳ್ಳೆ ಇರೋರಿಗೆ ಕಣ್ಣು ನೇರ ಮಾಡಿದ್ಮೇಲೆ ಎರಡೂ ಸೇರಿ ನೋಡೋ ಶಕ್ತಿ ವಾಪಸ್ ಬರೋ ಚಾನ್ಸ್ ಚೆನ್ನಾಗೇ ಇರುತ್ತೆ.

ಇನ್ನು "ಚೆಂದಕ್ಕೆ" ಅನ್ನೋದು. ಮನುಷ್ಯನ ಎರಡು ಕಣ್ಣೂ ಒಂದೇ ಕಡೆ ನೋಡೋದು ಸಹಜ ಸ್ಥಿತಿ, ಅದನ್ನ ವಾಪಸ್ ತರೋದು ಚೆಂದ ಮಾಡೋದಲ್ಲ, ಹಾಳಾಗಿದ್ದನ್ನ ಸರಿ ಮಾಡೋದು. ಮುಖ ನೋಡಿ ಮಾತಾಡೋಕಾಗದೆ ನೆಲ ನೋಡೋದೇನು ಸಣ್ಣ ತೊಂದ್ರೆನಾ? ನನ್ನ ದೃಷ್ಟಿಲಿ ಅದೊಂದೇ ಕಾರಣ ಸಾಕು ಟ್ರೀಟ್‌ಮೆಂಟ್ ಕೇಳೋಕೆ. ಯಾರ ಹತ್ರನೂ ಸಂಕೋಚ ಪಡ್ಬೇಡಿ.

ಪ್ರಶ್ನೆ: (ಅದೇ 34ರವರು) ತುಂಬಾ ಥ್ಯಾಂಕ್ಸ್ ಮೇಡಂ. ಆಪರೇಷನ್ ಇಲ್ದೆ ಕಣ್ಣಿನ ಎಕ್ಸರ್‌ಸೈಜಿಂದ ಸರಿ ಮಾಡ್ತೀವಿ ಅಂತ ವಿಡಿಯೋಗಳು ಬರ್ತಾ ಇರ್ತವಲ್ಲ, ಪೆನ್ಸಿಲ್ ನೋಡೋದು, ಬೆರಳು ನೋಡೋದು, ಅದನ್ನ ಆರು ತಿಂಗಳಿಂದ ಮಾಡ್ತಿದೀನಿ, ಏನೂ ಬದಲಾಗಿಲ್ಲ.

ಉತ್ತರ: ಎಕ್ಸರ್‌ಸೈಜ್ ಸುಳ್ಳಲ್ಲ, ಆದ್ರೆ ಅದಕ್ಕೆ ಅದರದ್ದೇ ಜಾಗ ಇದೆ. ಹತ್ತಿರದ್ದು ಓದುವಾಗ ಎರಡೂ ಕಣ್ಣು ಒಳಗೆ ತಿರುಗ್ಬೇಕು, ಆ ಶಕ್ತಿ ಕಮ್ಮಿ ಇರೋರಿಗೆ ಹತ್ತು ನಿಮಿಷ ಓದಿದ್ರೆ ಹಣೆ ನೋವು, ಅಕ್ಷರ ಒಂದರ ಮೇಲೊಂದು ಓಡಾಡೋದು ಎಲ್ಲ ಆಗುತ್ತೆ, ಅವರಿಗೆ ಸರಿಯಾಗಿ ಕಲಿಸಿದ ಎಕ್ಸರ್‌ಸೈಜ್ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೊರಗೇ ನಿಂತಿರೋ ದೊಡ್ಡ ಮೆಳ್ಳೆಯನ್ನ ಬೆರಳು ನೋಡಿ ಒಳಗೆ ತರೋಕಾಗಲ್ಲ. ನರ ಸೋತು ಬಂದ ಮೆಳ್ಳೆಗಂತೂ ಎಕ್ಸರ್‌ಸೈಜಿಂದ ಏನೂ ಆಗಲ್ಲ. ನಿಮ್ಮ ಆರು ತಿಂಗಳ ಶ್ರಮಕ್ಕೆ ಫಲ ಸಿಗ್ಲಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ.

ಒಂದು ಮಾತು ಸೇರಿಸ್ಬೇಕು, ಸೂಸನ್ ಬ್ಯಾರಿ ಅನ್ನೋ ಅಮೆರಿಕದ ನರವಿಜ್ಞಾನಿಗೆ ಹುಟ್ಟಿದ ಕೆಲವೇ ತಿಂಗಳಿಗೆ ಮೆಳ್ಳೆ ಬಂದು ಚಿಕ್ಕಂದಿನಲ್ಲೇ ಆಪರೇಷನ್‌ಗಳಾಗಿ ಕಣ್ಣು ನೋಡೋಕೆ ಹೆಚ್ಚುಕಮ್ಮಿ ನೇರ ಆಗಿತ್ತು, ಆದ್ರೆ ಆಳ ಕಾಣ್ತಿರ್ಲಿಲ್ಲ, ಎಲ್ಲ ಚಪ್ಪಟೆ. 48ನೇ ವಯಸ್ಸಲ್ಲಿ ದೃಷ್ಟಿ ತರಬೇತಿ ತಗೊಂಡ್ಮೇಲೆ ಒಂದಿನ ಕಾರಿನ ಸ್ಟೀರಿಂಗ್ ಚಕ್ರ ಡ್ಯಾಶ್‌ಬೋರ್ಡಿನಿಂದ ಮುಂದಕ್ಕೆ ಎದ್ದು ನಿಂತ ಹಾಗೆ ಕಾಣ್ತಂತೆ. ಎಲ್ಲರಿಗೂ ಹೀಗಾಗುತ್ತೆ ಅಂತ ನಾನು ಹೇಳಲ್ಲ, ಹೇಳಿದ್ರೆ ಸುಳ್ಳು. ಆದ್ರೆ ದೊಡ್ಡವರ ಮೆದುಳು ಕಲ್ಲಾಗಿರುತ್ತೆ ಅನ್ನೋದೂ ಅಷ್ಟೇ ಸುಳ್ಳು. ಅವರ ಕಣ್ಣು ಮೊದ್ಲೇ ನೇರಕ್ಕೆ ಹತ್ರ ಬಂದಿತ್ತು ಅನ್ನೋದನ್ನ ಮರೀಬೇಡಿ, ತರಬೇತಿ ಆಮೇಲಿಂದು.

ಪ್ರಶ್ನೆ: ಡಾಕ್ಟ್ರಮ್ಮ, ನನ್ನ ವಯಸ್ಸು 58, ಶುಗರ್ ಇದೆ 11 ವರ್ಷದಿಂದ, ಬಿಪಿನೂ ಇದೆ. ಮೊನ್ನೆ ಬೆಳಗ್ಗೆ ಎದ್ದಾಗ ಎಲ್ಲಾ ಎರಡೆರಡು ಕಾಣ್ತಾ ಇದೆ, ಪಕ್ಕ ಪಕ್ಕ. ಬಲಗಣ್ಣು ಮೂಗಿನ ಕಡೆ ತಿರುಗಿದೆ ಅಂತ ಮನೆಯವರು ಹೇಳ್ತಾರೆ. ಒಂದು ಕಣ್ಣು ಮುಚ್ಚಿದ್ರೆ ಸರಿ ಕಾಣುತ್ತೆ. ಮೆಟ್ಟಿಲಿಳಿಯುವಾಗ ಯಾವ ಮೆಟ್ಟಿಲು ನಿಜದ್ದು ಅಂತ ಗೊತ್ತಾಗದೆ ಗೋಡೆ ಹಿಡ್ಕೊಂಡು ಕಾಲಲ್ಲಿ ತಡವಿ ತಡವಿ ಇಳಿದೆ. ಇದಕ್ಕೂ ಮೇಲೆ ಹೇಳಿದ ಆಪರೇಷನ್ನೇನಾ?

ಉತ್ತರ: ಅಮ್ಮಾ, ನಿಮ್ಮದು ಬೇರೆ. ಮೇಲಿನವರಿಗೆ ನಿಧಾನಕ್ಕೆ ಯೋಚಿಸೋಕೆ ಟೈಮಿದೆ, ನಿಮಗಿಲ್ಲ. ದಯವಿಟ್ಟು ಇವತ್ತೇ ಹೋಗಿ ತೋರಿಸಿ, ನಾಳೆ ಅಂತ ಇಡ್ಬೇಡಿ.

ಹೆದರಿಸೋಕೆ ಹೇಳ್ತಿಲ್ಲ. ಶುಗರ್ ಬಿಪಿ ಇರೋರಲ್ಲಿ ಕಣ್ಣನ್ನ ಹೊರಗಡೆ ಎಳೆಯೋ ಸ್ನಾಯುವಿನ ನರಕ್ಕೆ, ಅದು ಆರನೇ ನರ, ಅದಕ್ಕೆ ರಕ್ತ ಹೋಗೋ ಸಣ್ಣ ನಾಳ ಕಟ್ಕೊಂಡ್ರೆ ಆ ನರ ಸೋಲುತ್ತೆ. ಆಗ ಕಣ್ಣು ಒಳಗೆ ತಿರುಗಿ ಪಕ್ಕ ಪಕ್ಕ ಎರಡು ಕಾಣುತ್ತೆ, ದೂರದ್ದು ನೋಡಿದ್ರೆ ಇನ್ನೂ ಜಾಸ್ತಿ. ನಿಮ್ಮದು ಅದೇ ಇರಬಹುದು, ಹಾಗಿದ್ರೆ ಬಹಳಷ್ಟು ಜನಕ್ಕೆ ಮೂರು ತಿಂಗಳೊಳಗೆ ತಾನಾಗೇ ಸರಿ ಹೋಗುತ್ತೆ, ಕೆಲವರಿಗೆ ಆರು ತಿಂಗಳು ಹಿಡಿಯುತ್ತೆ. ಆದ್ರೆ ಅದೇನಾ ಇಲ್ಲ ಬೇರೇನಾ ಅಂತ ಕೂತು ಪರೀಕ್ಷೆ ಮಾಡ್ದೆ ಯಾರೂ ಹೇಳೋಕಾಗಲ್ಲ, ಇದರಲ್ಲೇ ಸ್ಟ್ರೋಕ್, ಮೆದುಳಲ್ಲಿ ಒತ್ತಡ, ಗಡ್ಡೆ ಇಂಥವೂ ಬರ್ತವೆ.

ಇದನ್ನ ಓದ್ತಿರೋ ಎಲ್ಲರಿಗೂ ಹೇಳ್ತೀನಿ. ದೊಡ್ಡ ವಯಸ್ಸಲ್ಲಿ ಹೊಸದಾಗಿ ಎರಡೆರಡು ಕಾಣೋಕೆ ಶುರುವಾಗಿ, ಜೊತೆಗೆ ಒಂದು ರೆಪ್ಪೆ ಜೋತು ಬಿದ್ದು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡ್ರೆ, ಅಥವಾ ಎಂದೂ ಇಲ್ಲದ ತಲೆನೋವು ಬಂದ್ರೆ ಕಣ್ಣಿನ ಕ್ಲಿನಿಕ್ಕಿಗಲ್ಲ, ನೇರ ಎಮರ್ಜೆನ್ಸಿಗೆ ಹೋಗ್ಬೇಕು, ಮೆದುಳಿನ ರಕ್ತನಾಳ ಉಬ್ಬಿ ಒಡೆಯೋ ಹಂತದಲ್ಲಿರಬಹುದು. ಮಾತು ತೊದಲೋದು, ಕೈಕಾಲು ಸೋಲೋದು, ನಡೆಯುವಾಗ ತೂರಾಡೋದು ಇದ್ರೂ ಅಷ್ಟೇ. ವಯಸ್ಸಾದವರಿಗೆ ತಲೆ ಬಾಚುವಾಗ ನೆತ್ತಿ ಮುಟ್ಟಿದ್ರೆ ನೋವು, ಅಗಿಯುವಾಗ ದವಡೆ ನೋವು ಜೊತೆಗಿದ್ರೆ ಅದು ರಕ್ತನಾಳದ ಊತ ಇರಬಹುದು, ತಡ ಮಾಡಿದ್ರೆ ಕಣ್ಣೇ ಹೋಗಬಹುದು. ಬೆಳಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ರೆಪ್ಪೆ ಬೀಳೋದು, ಎರಡು ಕಾಣೋದು ಆದ್ರೆ ಮಯಸ್ತೇನಿಯಾ ಅಂತ ಒಂದು ಕಾಯಿಲೆ ಇದೆ, ಅದನ್ನ ನರದ ಡಾಕ್ಟರ್ ನೋಡ್ಬೇಕು. ಇದರ ಜೊತೆಗೆ ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಅದೂ ಎಮರ್ಜೆನ್ಸಿನೇ.

ಅಮ್ಮಾ, ತೋರಿಸೋ ತನಕ ಒಂದು ಕಣ್ಣಿಗೆ ಪ್ಯಾಚ್ ಹಾಕ್ಕೊಳ್ಳಿ, ಇಲ್ಲ ಕನ್ನಡಕದ ಒಂದು ಗ್ಲಾಸಿಗೆ ಮಬ್ಬು ಟೇಪ್ ಅಂಟಿಸ್ಕೊಳ್ಳಿ, ಯಾವ ಕಣ್ಣಿಗಾದ್ರೂ ಸರಿ. ದೊಡ್ಡವರಿಗೆ ಪ್ಯಾಚ್ ಹಾಕಿದ್ರೆ ಕಣ್ಣು ಹಾಳಾಗಲ್ಲ. ಗಾಡಿ ಓಡಿಸ್ಬೇಡಿ. ಮೆಟ್ಟಿಲಿಗೆ ಯಾರದಾದ್ರೂ ಕೈ ಹಿಡ್ಕೊಳ್ಳಿ.

ಪ್ರಶ್ನೆ: ನಂಗೆ ಒಂದು ಕಣ್ಣು ಮುಚ್ಚಿದ್ರೂ ಎರಡೆರಡು ಕಾಣುತ್ತೆ, ಅಂದ್ರೆ ಮೆಳ್ಳೆನಾ?

ಉತ್ತರ: ಅಲ್ಲ. ಒಂದೇ ಕಣ್ಣಲ್ಲಿ ನೋಡಿದ್ರೂ ಎರಡು ನೆರಳು ಕಂಡ್ರೆ ಸಾಮಾನ್ಯವಾಗಿ ಪವರ್, ಕಣ್ಣಿನ ಪೊರೆ, ಕಣ್ಣು ಒಣಗೋದು ಇಂಥ ಕಾರಣ. ಯಾವ ಕಣ್ಣು ಮುಚ್ಚಿದ್ರೂ ಒಂದೇ ಕಾಣ್ತು ಅಂದ್ರೆ ಮಾತ್ರ ಎರಡು ಕಣ್ಣಿನ ಹೊಂದಾಣಿಕೆ ತಪ್ಪಿದೆ ಅಂತ. ಕಣ್ಣಿನ ಡಾಕ್ಟರಿಗೆ ಒಂದ್ಸಲ ತೋರಿಸಿ.

ಪ್ರಶ್ನೆ: ಮೇಡಂ ನನ್ನ ಹೆಂಡತಿಗೆ (41) ಆಪರೇಷನ್ ಹೇಳಿದಾರೆ. ಓರೆ ಇರೋದು ಎಡಗಣ್ಣು, ಆದ್ರೆ ಎರಡೂ ಕಣ್ಣಿಗೆ ಮಾಡ್ತೀವಿ ಅಂತಿದಾರೆ. ಚೆನ್ನಾಗಿರೋ ಕಣ್ಣನ್ನ ಯಾಕೆ ಮುಟ್ಬೇಕು? ಅವಳಿಗೆ ಇನ್ನೊಂದು ಭಯ, ಕಣ್ಣುಗುಡ್ಡೆನ ಹೊರಗೆ ತೆಗೆದು ಸರಿ ಮಾಡಿ ವಾಪಸ್ ಇಡ್ತಾರಂತೆ ಹೌದಾ ಅಂತ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.

ಉತ್ತರ: ಅಯ್ಯೋ ಪಾಪ, ಮೊದ್ಲು ಅವರಿಗೆ ಹೇಳಿ, ಕಣ್ಣುಗುಡ್ಡೆನ ಯಾರೂ ಹೊರಗೆ ತೆಗೆಯಲ್ಲ. ಅದು ಇದ್ದ ಜಾಗದಲ್ಲೇ ಇರುತ್ತೆ. ಕಣ್ಣಿನ ಒಳಗೂ ನಾವು ಹೋಗಲ್ಲ, ಕಣ್ಣಿನ ಪೊರೆ ಆಪರೇಷನ್ನಲ್ಲಿ ಕಣ್ಣೊಳಗೆ ಹೋಗ್ತೀವಿ, ಇದರಲ್ಲಿ ಗುಡ್ಡೆಯ ಹೊರಮೈ ಮೇಲಷ್ಟೇ ಕೆಲಸ.

ಪ್ರತಿ ಕಣ್ಣಿಗೂ ಆರು ಸ್ನಾಯು, ಎರಡೂ ಸೇರಿ ಹನ್ನೆರಡು. ಅದರಲ್ಲಿ ನಾಲ್ಕು ನೇರ ಸ್ನಾಯುಗಳು ರಿಬ್ಬನ್ ಥರ ಚಪ್ಪಟೆಯಾಗಿ ಸುಮಾರು 1 ಸೆಂಟಿಮೀಟರ್ ಅಗಲ ಇರ್ತವೆ, ಮೂಗಿನ ಕಡೆಯದು ಕರಿಗುಡ್ಡೆಯ ಅಂಚಿಂದ ಸುಮಾರು 5.5 ಮಿಲಿಮೀಟರ್ ಹಿಂದೆ ಅಂಟ್ಕೊಂಡಿರುತ್ತೆ, ಕಿವಿಯ ಕಡೆಯದು ಸುಮಾರು 7 ಮಿಲಿಮೀಟರ್ ಹಿಂದೆ. ಬಿಳಿ ಭಾಗದ ಮೇಲಿರೋ ತೆಳು ಪೊರೆಯಲ್ಲಿ ಸಣ್ಣದೊಂದು ಕಿಂಡಿ ಮಾಡಿ, ಸ್ನಾಯುವನ್ನ ಪುಟ್ಟ ಕೊಕ್ಕೆಯಲ್ಲಿ ಎತ್ತಿ, ದಾರ ಹಾಕಿ, ಗುಡ್ಡೆಯಿಂದ ಬಿಡಿಸ್ತೀವಿ. ಜಾಸ್ತಿ ಎಳೀತಿರೋ ಸ್ನಾಯುನ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿದ್ರೆ ಅದರ ಎಳೆತ ಸಡಿಲ ಆಗುತ್ತೆ, ಸೋತಿರೋದನ್ನ ಒಂದಿಷ್ಟು ಕತ್ತರಿಸಿ ಇಲ್ಲ ಮಡಚಿ ಹೊಲಿದ್ರೆ ಬಿಗಿ ಆಗುತ್ತೆ. ಅಷ್ಟೇ. ದಾರ ತಾನಾಗೇ ಕರಗುತ್ತೆ, ಮುಖದ ಮೇಲೆ ಒಂದು ಗೀರೂ ಇರಲ್ಲ.

ಎರಡೂ ಕಣ್ಣು ಯಾಕೆ ಅಂದ್ರೆ, ಮೆದುಳು ಎರಡು ಕಣ್ಣಿಗೂ ಒಟ್ಟಿಗೇ ಆರ್ಡರ್ ಕೊಡುತ್ತೆ, ಒಂದು ನೊಗಕ್ಕೆ ಕಟ್ಟಿದ ಜೋಡೆತ್ತು ಇದ್ದ ಹಾಗೆ. ಮೆಳ್ಳೆ ಅನ್ನೋದು ಎರಡು ಕಣ್ಣುಗಳ ನಡುವಿನ ಕೋನ, ಒಂದು ಕಣ್ಣಿನ ದೋಷ ಅಲ್ಲ. ಅವರು ಎಡಗಣ್ಣಲ್ಲಿ ನೋಡೋ ಹಾಗೆ ಬಲಗಣ್ಣು ಮುಚ್ಚಿ, ಆ ಮುಚ್ಚಿದ ಕೈ ಹಿಂದೆ ಇಣುಕಿ ನೋಡಿ, ಬಲಗಣ್ಣು ಓರೆ ಹೋಗಿರುತ್ತೆ. ಆ ಕೋನ ದೊಡ್ಡದಿದ್ರೆ ಎರಡು ಕಣ್ಣಿಗೆ ಹಂಚಿ ಮಾಡೋದು ಒಳ್ಳೇದು, ಒಂದೇ ಕಣ್ಣಿನ ಸ್ನಾಯುಗಳನ್ನ ಅತಿಯಾಗಿ ಬಿಗಿದ್ರೆ ಆ ಕಣ್ಣು ಪಕ್ಕಕ್ಕೆ ಪೂರ್ತಿ ತಿರುಗಲ್ಲ. ಆದ್ರೆ ಇದೇ ನಿಯಮ ಅಂತಲ್ಲ, ಒಂದು ಕಣ್ಣಿಗೆ ದೃಷ್ಟಿ ತುಂಬಾ ಕಮ್ಮಿ ಇದ್ರೆ ಚೆನ್ನಾಗಿರೋ ಕಣ್ಣನ್ನ ಮುಟ್ಟದೆ ಆ ಕಣ್ಣಿಗಷ್ಟೇ ಮಾಡೋದೂ ಉಂಟು. ನಿಮ್ಮ ಡಾಕ್ಟರನ್ನ ಧೈರ್ಯವಾಗಿ ಕೇಳಿ, ಯಾವ ಕಣ್ಣಿನ ಯಾವ ಸ್ನಾಯು, ಎಷ್ಟು ಮಿಲಿಮೀಟರ್, ಯಾಕೆ ಅಂತ. ಕೇಳೋದು ನಿಮ್ಮ ಹಕ್ಕು.

ಪ್ರಶ್ನೆ: (ಅದೇ ಹೆಂಡತಿ, ನಾನೇ ಬರೀತಿದೀನಿ) ಮೇಡಂ ಓದಿ ಸ್ವಲ್ಪ ಉಸಿರಾಡೋ ಹಾಗಾಯ್ತು. ನೋವಿರುತ್ತಾ? ಒಂದೇ ಸಲಕ್ಕೆ ಸರಿ ಹೋಗುತ್ತಾ? ದೃಷ್ಟಿ ಹೋಗಲ್ಲ ತಾನೆ?

ಉತ್ತರ: ಪ್ರಜ್ಞೆ ತಪ್ಪಿಸಿ ಇಲ್ಲ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ ಮಾಡ್ತೀವಿ, ಆಪರೇಷನ್ ಹೊತ್ತಲ್ಲಿ ನೋವು ಗೊತ್ತಾಗಲ್ಲ. ಒಂದರಿಂದ ಒಂದೂವರೆ ಗಂಟೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗ್ಬಹುದು. ಆಮೇಲೆ ಎರಡು ಮೂರು ದಿನ ಕಣ್ಣಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ, ಪಕ್ಕಕ್ಕೆ ತಿರುಗಿಸಿದ್ರೆ ಎಳೆದ ಹಾಗೆ ನೋವು. ಕೆಲವರಿಗೆ ಮೊದಲ ದಿನ ವಾಂತಿ ಬಂದ ಹಾಗಾಗುತ್ತೆ, ಅದಕ್ಕೆ ಔಷಧಿ ಇದೆ.

ಒಂದೇ ಸಲಕ್ಕಾ ಅಂದ್ರೆ, ಹತ್ತು ಜನರಲ್ಲಿ ಸುಮಾರು ಎಂಟು ಜನಕ್ಕೆ ಒಂದೇ ಆಪರೇಷನ್ ಸಾಕಾಗುತ್ತೆ, ಮಿಕ್ಕವರಿಗೆ ಕಮ್ಮಿ ಆಗಿಯೋ ಜಾಸ್ತಿ ಆಗಿಯೋ ಇನ್ನೊಂದು ಬೇಕಾಗಬಹುದು, ಇಲ್ಲ ವರ್ಷಗಳಾದ್ಮೇಲೆ ಸ್ವಲ್ಪ ವಾಪಸ್ ಸರಿಯಬಹುದು. ಇದನ್ನ ನಾನು ಮೊದ್ಲೇ ಹೇಳ್ತೀನಿ, "ಗ್ಯಾರಂಟಿ" ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ದೊಡ್ಡವರಿಗೆ ಒಂದು ಅನುಕೂಲ ಇದೆ, ಮಕ್ಕಳಲ್ಲಿ ಮಾಡೋಕೆ ಕಷ್ಟ ಅದು. ಹೊಂದಿಸೋ ಹೊಲಿಗೆ ಅಂತ. ಸ್ನಾಯುನ ಪೂರ್ತಿ ಗಂಟು ಹಾಕದೆ ಶೂ ಲೇಸಿನ ಥರ ಜಾರುಗಂಟು ಹಾಕಿ ಬಿಟ್ಟಿರ್ತೀವಿ. ನೀವು ಪೂರ್ತಿ ಎಚ್ಚರ ಆದ್ಮೇಲೆ, ಅವತ್ತೇ ಅಥವಾ ಮಾರನೇ ದಿನ, ಮರಗಟ್ಟಿಸೋ ಡ್ರಾಪ್ಸ್ ಹಾಕಿ ಕೂರಿಸಿ, ದೂರದಲ್ಲಿ ಒಂದು ಅಕ್ಷರ ತೋರಿಸಿ, ಎಷ್ಟು ಕಾಣ್ತಿದೆ ಒಂದಾ ಎರಡಾ ಅಂತ ಕೇಳ್ತಾ ಆ ದಾರವನ್ನ ಕೂದಲೆಳೆಯಷ್ಟು ಎಳೀತೀವಿ ಇಲ್ಲ ಬಿಡ್ತೀವಿ. ಮುಟ್ಟಿದ್ದು, ಎಳೆದಿದ್ದು ಗೊತ್ತಾಗುತ್ತೆ, ಅಷ್ಟೇನು ನೋವಲ್ಲ. ಎರಡು ಅಕ್ಷರ ಹತ್ರ ಹತ್ರ ಬಂದು ಒಂದರೊಳಗೊಂದು ಕೂತ್ಕೊಂಡ ಗಳಿಗೆಯಲ್ಲಿ "ನಿಲ್ಸಿ, ನಿಲ್ಸಿ, ಒಂದಾಯ್ತು" ಅಂತ ಪೇಷಂಟೇ ಕೂಗ್ತಾರೆ, ಆಗ ಗಂಟು ಬಿಗೀತೀವಿ. ನಂಗೆ ನನ್ನ ಕೆಲಸದಲ್ಲಿ ಅತಿ ಇಷ್ಟವಾದ ಗಳಿಗೆ ಅದು. ಎಲ್ಲರಿಗೂ ಇದು ಬೇಕಾಗಲ್ಲ, ಎಲ್ಲ ಸರ್ಜನ್‌ಗಳೂ ಮಾಡಲ್ಲ, ಕೇಳಿ ನೋಡಿ.

ದೃಷ್ಟಿ ಹೋಗೋದು ಬಹಳ ಬಹಳ ಅಪರೂಪ. ಸೊನ್ನೆ ಅಂತ ಹೇಳೋಕಾಗಲ್ಲ, ಸೂಜಿ ಗುಡ್ಡೆಯ ಗೋಡೆ ಆಳಕ್ಕೆ ಹೋಗೋದು, ಒಳಗೆ ಸೋಂಕು, ಹೊಲಿದ ಸ್ನಾಯು ಜಾರೋದು ಇವೆಲ್ಲ ಪುಸ್ತಕದಲ್ಲಿವೆ, ಅಪರೂಪಕ್ಕೆ ಆಗ್ತವೆ ಕೂಡ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳಿ, ನೀವಾಗೇ ನಿಲ್ಲಿಸ್ಬೇಡಿ.

ಪ್ರಶ್ನೆ: ಮೇಡಂ, 27 ವರ್ಷ, ಹುಡುಗಿ. ಬಲಗಣ್ಣು ಒಳಗೆ ತಿರುಗಿದೆ, ಅದು ಲೇಜಿ ಐ, ಅಂದ್ರೆ ಚಿಕ್ಕಂದಿನಿಂದ್ಲೇ ದೃಷ್ಟಿ ಕಮ್ಮಿ, ದೊಡ್ಡ ಅಕ್ಷರ ಬಿಟ್ರೆ ಬೇರೆ ಕಾಣಲ್ಲ. ದೃಷ್ಟಿನೇ ಬರಲ್ಲ ಅಂದ್ಮೇಲೆ ನಂಗೆ ಆಪರೇಷನ್ನಿಂದ ಏನು ಉಪಯೋಗ ಅಂತ ಮನೇಲಿ ಕೇಳ್ತಾರೆ. ಮತ್ತೆ ಬೋಟಾಕ್ಸ್ ಇಂಜೆಕ್ಷನ್ ಅಂತ ಕೇಳಿದೆ, ಅದು ಸುಕ್ಕಿಗಲ್ವಾ?

ಉತ್ತರ: ಉಪಯೋಗ ಇದೆ. ಒಳಗೆ ತಿರುಗಿದ ಕಣ್ಣು ಮೂಗಿನ ಕಡೆಯದ್ದನ್ನೇ ನೋಡ್ತಿರುತ್ತೆ, ಅದನ್ನ ನೇರ ಮಾಡಿದ್ರೆ ಬಲಪಕ್ಕದಲ್ಲಿ ನಿಮಗೆ ಕಾಣೋ ಹರವು ಜಾಸ್ತಿ ಆಗುತ್ತೆ, ಪಕ್ಕದಿಂದ ಯಾರಾದ್ರೂ ಬಂದ್ರೆ ಮೊದಲಿಗಿಂತ ಬೇಗ ಗೊತ್ತಾಗುತ್ತೆ. ಅದರ ಮೇಲೆ ನೀವು ಯಾರ ಮುಖ ಬೇಕಾದ್ರೂ ನೋಡಿ ಮಾತಾಡ್ಬಹುದು. ಅಕ್ಷರ ಓದೋ ಶಕ್ತಿ ಮಾತ್ರ ಹಾಗೇ ಇರುತ್ತೆ, ಆ ಆಸೆ ಇಟ್ಕೊಂಡು ಟೇಬಲ್ ಮೇಲೆ ಮಲಗ್ಬೇಡಿ. ದೃಷ್ಟಿ ಕಮ್ಮಿ ಇರೋ ಕಣ್ಣು ಕಾಲ ಕಳೆದ ಹಾಗೆ ಮತ್ತೆ ಸರಿಯೋ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಅದಕ್ಕೂ ಸಿದ್ಧ ಇರಿ.

ಇನ್ನೊಂದು ಮುಖ್ಯ. ಮೆಳ್ಳೆಯಾದ ಕಣ್ಣಿನ ಚಿತ್ರವನ್ನ ನಿಮ್ಮ ಮೆದುಳು ಚಿಕ್ಕಂದಿನಿಂದ ಅಳಿಸಿ ಹಾಕ್ತಾ ಬಂದಿದೆ, ಅದಕ್ಕೇ ನಿಮಗೆ ಎರಡು ಕಾಣಲ್ಲ. ಕಣ್ಣು ಹೊಸ ಜಾಗಕ್ಕೆ ಬಂದಾಗ ಆ ಅಳಿಸೋ ಕೆಲಸ ತಪ್ಪಿ ಎರಡು ಕಾಣಬಹುದು. ಹೆಚ್ಚಿನವರಿಗೆ ಕೆಲವು ದಿನ ಇಲ್ಲ ವಾರದಲ್ಲಿ ಹೋಗುತ್ತೆ, ಒಂದು ಸಣ್ಣ ಪಾಲಿಗೆ ಉಳಿಯುತ್ತೆ. ಮೊದ್ಲೇ ಕಣ್ಣ ಮುಂದೆ ಪ್ರಿಸಂ, ಅಂದ್ರೆ ಬೆಳಕಿನ ದಾರಿ ತಿರುಗಿಸೋ ಗಾಜು, ಹಿಡಿದು ನೇರ ಆದ ಹಾಗೆ ತೋರಿಸಿ ಎರಡು ಕಾಣುತ್ತಾ ಅಂತ ಪರೀಕ್ಷೆ ಮಾಡ್ತಾರೆ, ಆ ಪರೀಕ್ಷೆ ಮಾಡದೆ ಡೇಟ್ ಕೊಟ್ರೆ ಒಪ್ಕೋಬೇಡಿ.

ಬೋಟಾಕ್ಸ್ ಸುಕ್ಕಿಗೆ ಹೋಗಿದ್ದು ಆಮೇಲೆ ಕಣ್ರೀ! ಅದು ಔಷಧಿಯಾಗಿ ಹುಟ್ಟಿದ್ದೇ ಮೆಳ್ಳೆಗಣ್ಣಿಗೆ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಆಲನ್ ಸ್ಕಾಟ್ ಕತ್ತರಿ ಇಲ್ದೆ ಸ್ನಾಯು ಸಡಿಲ ಮಾಡೋ ದಾರಿ ಹುಡುಕ್ತಾ 1970ರ ದಶಕದಲ್ಲಿ ಇದನ್ನ ಮನುಷ್ಯರ ಕಣ್ಣಿನ ಸ್ನಾಯುಗೆ ಕೊಟ್ರು, 1989ರಲ್ಲಿ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತೆ ರೆಪ್ಪೆ ಬಿಗಿದುಕೊಳ್ಳೋ ಕಾಯಿಲೆಗೆ. ಎರಡು ಮೂರು ದಿನದಲ್ಲಿ ಸ್ನಾಯು ಸಡಿಲ ಆಗೋಕೆ ಶುರುವಾಗಿ ಸುಮಾರು ಮೂರು ತಿಂಗಳು ಇರುತ್ತೆ. ಸಣ್ಣ ಮೆಳ್ಳೆ, ಹೊಸದಾಗಿ ನರ ಸೋತಿರೋದು, ಆಪರೇಷನ್ ಆದ್ಮೇಲೆ ಉಳಿದ ಸ್ವಲ್ಪ ಓರೆ ಇಂಥದ್ದಕ್ಕೆ ಒಳ್ಳೇದು. ರೆಪ್ಪೆ ಕೆಲವು ವಾರ ಜೋತು ಬೀಳಬಹುದು, ಹೋಗುತ್ತೆ. ನಿಮ್ಮ ಥರದ ಹಳೇ ಮೆಳ್ಳೆಗೆ ಅದೊಂದೇ ಸಾಕಾಗೋದು ಕಮ್ಮಿ.

ಪ್ರಶ್ನೆ: ಪ್ರಿಸಂ ಅಂದ್ರಲ್ಲ, ಕನ್ನಡಕದಲ್ಲೇ ಪ್ರಿಸಂ ಹಾಕಿಸಿದ್ರೆ ಆಪರೇಷನ್ನೇ ಬೇಡ್ವಲ್ಲ?

ಉತ್ತರ: ಎರಡು ಕಾಣೋ ತೊಂದ್ರೆ ಇದ್ದು ಓರೆ ಸಣ್ಣದಿದ್ರೆ ಹೌದು, ಬೇಡ. ಪ್ರಿಸಂ ಬೆಳಕಿನ ದಾರಿ ತಿರುಗಿಸುತ್ತೆ, 1 ಪ್ರಿಸಂ ಡಯಾಪ್ಟರ್ ಅಂದ್ರೆ 1 ಮೀಟರ್ ದೂರಕ್ಕೆ ಬೆಳಕು 1 ಸೆಂಟಿಮೀಟರ್ ಪಕ್ಕಕ್ಕೆ ಸರಿದಂಗೆ. ಎರಡೂ ಗ್ಲಾಸಿಗೆ ಹಂಚಿ ಹತ್ತು ಹನ್ನೆರಡರ ತನಕ ಹಾಕಿಸಿದ್ರೆ ಹಾಕ್ಕೊಳ್ಳೋ ಹಾಗಿರುತ್ತೆ, ಅದಕ್ಕಿಂತ ಮೇಲೆ ಗ್ಲಾಸು ದಪ್ಪ ಭಾರ ಆಗುತ್ತೆ. ಗ್ಲಾಸ್ ಮೇಲೆ ಅಂಟಿಸೋ ಪ್ಲಾಸ್ಟಿಕ್ ಪ್ರಿಸಂ 40ರ ತನಕ ಬರುತ್ತೆ, ಗೆರೆ ಗೆರೆ ಕಾಣುತ್ತೆ, ಸ್ವಲ್ಪ ಮಂಜು, ಆದ್ರೆ ನರ ಸರಿ ಹೋಗೋ ತನಕ ಕಾಯೋರಿಗೆ ಅದು ವರ. ಮೇಲಿನ 58ರ ಅಮ್ಮನಿಗೆ ಬೇಕಾಗೋದು ಅದೇ ಇರಬಹುದು. ನೋಡೋರಿಗೆ ಕಣ್ಣು ಓರೆ ಕಾಣೋದು ಮಾತ್ರ ಪ್ರಿಸಂನಿಂದ ಹೋಗಲ್ಲ.

ಪ್ರಶ್ನೆ: ಥೈರಾಯ್ಡಿಂದ ಕಣ್ಣು ಮುಂದೆ ಬಂದು ಮೇಲೆ ಕೆಳಗೆ ಎರಡು ಕಾಣ್ತಾ ಇದೆ. ಯಾವಾಗ ಆಪರೇಷನ್?

ಉತ್ತರ: ಈಗ್ಲೇ ಅಲ್ಲ. ಸ್ನಾಯು ಊದಿ ಗಟ್ಟಿಯಾಗೋ ಹಂತ ಮುಗಿದು, ಅಳತೆ ಸುಮಾರು ಆರು ತಿಂಗಳು ಬದಲಾಗದೆ ನಿಂತ ಮೇಲೆ. ಮುಂದೆ ಬಂದಿರೋ ಕಣ್ಣಿಗೆ ಆಪರೇಷನ್ ಬೇಕಿದ್ರೆ ಅದು ಮೊದ್ಲು, ಮೆಳ್ಳೆ ಆಮೇಲೆ, ರೆಪ್ಪೆದು ಕೊನೆಗೆ. ಸಿಗರೇಟ್ ಸೇದ್ತಿದ್ರೆ ಇವತ್ತೇ ಬಿಡಿ, ಅದು ಈ ಕಾಯಿಲೆನ ಜೋರು ಮಾಡುತ್ತೆ. ಬಣ್ಣ ಮಂಕಾಗಿ ಕಂಡ್ರೆ ಅಥವಾ ದೃಷ್ಟಿ ಕಮ್ಮಿ ಆದ್ರೆ ಕಾಯ್ಬೇಡಿ, ದೃಷ್ಟಿಯ ನರಕ್ಕೆ ಒತ್ತಡ ಬಿದ್ದಿರಬಹುದು.

ಪ್ರಶ್ನೆ: ಲೇಸರ್ ಮಾಡಿಸಿ ಪವರ್ ತೆಗೆಸಿದ್ರೆ ಮೆಳ್ಳೆ ಹೋಗುತ್ತಾ?

ಉತ್ತರ: ಪ್ಲಸ್ ಪವರಿಂದಲೇ ಬಂದ ಒಳಮೆಳ್ಳೆ, ಅಂದ್ರೆ ಕನ್ನಡಕ ಹಾಕಿದ ತಕ್ಷಣ ನೇರ ಆಗೋದು, ಅದೊಂದು ಬಿಟ್ರೆ ಇಲ್ಲ. ಮೆಳ್ಳೆ ಇರೋರು ಲೇಸರ್‌ಗೆ ಮೊದ್ಲು ಮೆಳ್ಳೆ ನೋಡೋ ಡಾಕ್ಟರಿಗೆ ಒಂದ್ಸಲ ತೋರಿಸಿ.

ಪ್ರಶ್ನೆ: ಮೇಡಂ ನಂಗೆ ಆಪರೇಷನ್ ಆಗಿ 9 ದಿನ (ವಯಸ್ಸು 39, ಹೊರಮೆಳ್ಳೆ ಇತ್ತು). ಕಣ್ಣು ಕೆಂಡದ ಹಾಗೆ ಕೆಂಪಾಗಿದೆ, ಈಗ ಸ್ವಲ್ಪ ಒಳಗೆ ತಿರುಗಿದ ಹಾಗೆ ಕಾಣುತ್ತೆ, ದೂರದ್ದು ಎರಡು ಕಾಣುತ್ತೆ. ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ ಕನ್ನಡಿ ಮುಂದೆ ನಿಂತು ಅತ್ಬಿಟ್ಟೆ.

ಉತ್ತರ: ಅಳ್ಬೇಡಿ, ನೀವು ಹೇಳಿದ್ರಲ್ಲಿ ಹೆಚ್ಚಿನದು 9ನೇ ದಿನಕ್ಕೆ ಇರಬೇಕಾದ್ದೇ. ಹೊರಮೆಳ್ಳೆಗೆ ಮಾಡುವಾಗ ನಾವು ಬೇಕಂತಲೇ ಒಂಚೂರು ಒಳಗೆ ಬರೋ ಹಾಗೆ ಹೊಲಿಯೋದುಂಟು, ಯಾಕಂದ್ರೆ ಕಣ್ಣು ವಾರಗಳಲ್ಲಿ ಮತ್ತೆ ಸ್ವಲ್ಪ ಹೊರಗೆ ಜಗ್ಗುತ್ತೆ. ನಿಮ್ಮ ಡಾಕ್ಟರ್ ಹಾಗೇ ಮಾಡಿದಾರಾ ಅಂತ ಫೋನ್ ಮಾಡಿ ಕೇಳಿಬಿಡಿ, ಮನಸ್ಸಿಗೆ ಸಮಾಧಾನ ಆಗುತ್ತೆ. ಕೆಂಪು ಆರರಿಂದ ಎಂಟು ವಾರ ಇರಬಹುದು, ಮೊದ್ಲು ಕೆಂಪು, ಆಮೇಲೆ ಗುಲಾಬಿ, ಆಮೇಲೆ ಹಳದಿ ಬಿಳಿ. ಕಣ್ಣು ಕೊನೆಗೆ ಎಲ್ಲಿ ನಿಲ್ಲುತ್ತೆ ಅನ್ನೋದು ಆಗ್ಲೇ ಗೊತ್ತಾಗೋದು. ಡ್ರಾಪ್ಸ್ ತಪ್ಪಿಸ್ಬೇಡಿ, ಉಜ್ಜಬೇಡಿ, ಡಾಕ್ಟರ್ ಹೇಳೋ ತನಕ ಈಜೋದು, ಕಾಂಟ್ಯಾಕ್ಟ್ ಲೆನ್ಸು ಬೇಡ. ಎರಡು ಕಾಣೋ ತನಕ ಗಾಡಿನೂ ಬೇಡ.

ಆದ್ರೆ ನೋವು ಕಮ್ಮಿ ಆಗೋ ಬದ್ಲು ಜಾಸ್ತಿ ಆದ್ರೆ, ದೃಷ್ಟಿ ಮಂಜಾದ್ರೆ, ಕೀವು ಬಂದ್ರೆ, ರೆಪ್ಪೆ ಊದ್ಕೊಂಡ್ರೆ, ಅಥವಾ ಇದ್ದಕ್ಕಿದ್ದಂತೆ ಕಣ್ಣು ಒಂದು ಕಡೆ ಪೂರ್ತಿ ಹೋಗಿ ವಾಪಸ್ ತಿರುಗದೇ ಇದ್ರೆ ಅದೇ ದಿನ ಆಪರೇಷನ್ ಮಾಡಿದವರ ಹತ್ರ ಹೋಗಿ.

ಪ್ರಶ್ನೆ: (ಮೊದಲು ಕೇಳಿದ 34ರವರು) ಮೇಡಂ ಹೋಗಿ ತೋರಿಸ್ದೆ. ಒಂದೊಂದೇ ಕಣ್ಣು ಮುಚ್ಚಿ ತೆಗೆದು ಒಂದು ಪ್ರಿಸಂ ಪಟ್ಟಿ ಮೇಲೆ ಕೆಳಗೆ ಜಾರಿಸಿ ನೋಡಿದ್ರು, ಓರೆ 35 ಪ್ರಿಸಂ ಡಯಾಪ್ಟರ್ ಅಂದ್ರು ದೂರಕ್ಕೆ, ಹತ್ರಕ್ಕೆ 30. ಆ ಪ್ರಿಸಂ ಹಾಕಿ ಒಂದು ಚಿತ್ರ ತೋರಿಸಿದ್ರು ಮೇಡಂ, ನೊಣದ ರೆಕ್ಕೆ ಕಾಗದದಿಂದ ಮೇಲಕ್ಕೆ ಎದ್ದು ನಿಂತಿತ್ತು, ಹಿಡಿಯೋಕೆ ಹೋದ್ರೆ ಬೆರಳಿಗೆ ಗಾಳಿ. ಆಪರೇಷನ್ ಮಾಡ್ಬಹುದು, ಎರಡೂ ಕಣ್ಣಿಗೆ ಹೊರಗಡೆ ಸ್ನಾಯು ಸಡಿಲ ಮಾಡ್ತೀವಿ ಅಂದ್ರು. ಇನ್ನೊಂದು ದಿನ ಬನ್ನಿ ಮತ್ತೆ ಅಳೀಬೇಕು ಅಂತಿದಾರೆ. ಒಂದ್ಸಲ ಅಳೆದ್ರಲ್ಲ, ಮತ್ತೆ ಯಾಕೆ?

ಉತ್ತರ: ಆ ನೊಣದ ರೆಕ್ಕೆ ಎದ್ದು ಕಾಣ್ತು ಅಂತ ಓದಿ ಎಷ್ಟು ಖುಷಿಯಾಯ್ತು ಗೊತ್ತಾ, ನಿಮ್ಮ ಮೆದುಳು ಕಲಿತ ಪಾಠ ಮರೆತಿಲ್ಲ. ಎರಡನೇ ಸಲ ಅಳೆಯೋರು ಸರಿಯಾದ ಕೆಲಸ ಮಾಡ್ತಿದಾರೆ. ನಿಮ್ಮ ಥರದ ಮೆಳ್ಳೆ ದಿನಕ್ಕೊಂದು ಥರ ಇರುತ್ತೆ, ಎರಡು ಸಲದ ಲೆಕ್ಕ ಒಂದಕ್ಕೊಂದು ಕೂಡಿದ್ರೆ ಮಾತ್ರ ಎಷ್ಟು ಮಿಲಿಮೀಟರ್ ಅಂತ ತೀರ್ಮಾನ ಮಾಡೋಕೆ ಧೈರ್ಯ. ಸಾಧ್ಯ ಆದ್ರೆ ಸಂಜೆ ಹೊತ್ತು, ಕೆಲಸ ಮುಗಿಸಿ ಸುಸ್ತಾಗಿರುವಾಗ ಹೋಗಿ, ಆಗ ಅದು ಪೂರ್ತಿ ಹೊರಗೆ ಬರುತ್ತೆ. ಚಿಕ್ಕಂದಿನ ಫೋಟೋ ನಾಲ್ಕೈದು ತಗೊಂಡೋಗಿ, ಯಾವ ವಯಸ್ಸಿಂದ ಎಷ್ಟು ಸರೀತಿತ್ತು ಅಂತ ಅದರಲ್ಲಿ ಕಾಣುತ್ತೆ. ಇರೋ ಕನ್ನಡಕ ಹಾಕ್ಕೊಂಡೇ ಅಳೆಸ್ಕೊಳ್ಳಿ. ಡೇಟ್ ಸಿಕ್ಕಿದ್ಮೇಲೆ ಇಲ್ಲೇ ಬಂದು ತಿಳಿಸಿ, ಕಾಯ್ತಿರ್ತೀನಿ.